ಬೆರಳ ತುದಿಯ ಬೆಳಕು

ರಕ್ತದ ಕೆಂಪುಕಣಗಳಲ್ಲಿರುವ ಹಿಮೋಗ್ಲೋಬಿನ್ ಎಂಬ ಕಬ್ಬಿಣಯುಕ್ತ ಪ್ರೋಟೀನಿನ ಒಂದು ಅಣುವು ಆಮ್ಲಜನಕದ ನಾಲ್ಕು ಅಣುಗಳನ್ನು ಹೊರಬಲ್ಲದು; ಹೊತ್ತಾಗ ಅದು ಉಜ್ವಲ ಕೆಂಪಾಗಿ, ಇಳಿಸಿದಾಗ ಮಂಕಾದ ಕಡುಗೆಂಪಾಗಿ ತೋರುವುದರಿಂದ, ಬಣ್ಣವೇ ಅಳತೆಯ ಆಧಾರವಾಗುತ್ತದೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಸುಮಾರು 660 ನ್ಯಾನೊಮೀಟರ್ ತರಂಗದೂರದ ಕೆಂಪು ಬೆಳಕನ್ನೂ, ಕಣ್ಣಿಗೆ ಕಾಣದ, ಸುಮಾರು 940 ನ್ಯಾನೊಮೀಟರಿನ ಅವಗೆಂಪು ಕಿರಣವನ್ನೂ ಹಾಯಿಸಿ, ಎಷ್ಟು ಹೀರಲ್ಪಟ್ಟಿತೆಂದು ನೋಡುತ್ತದೆ. ಚರ್ಮ, ಮೂಳೆ, ಮಾಂಸಗಳೂ ಬೆಳಕನ್ನು ಹೀರುತ್ತವೆಯಾದರೂ, ನಾಡಿಮಿಡಿತದೊಂದಿಗೆ ಏರಿಳಿಯುವ ಭಾಗವು ಮುಖ್ಯವಾಗಿ ಅಪಧಮನಿಯ ರಕ್ತದ್ದೇ ಎಂಬುದನ್ನು ಗ್ರಹಿಸಿ, ಆ ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡ ಜಪಾನಿನ ತಕುವೊ ಅಯೊಯಾಗಿಯವರ 1974ರ ಹೊಳಹು ಅತ್ಯಂತ ಸುಂದರವಾದುದು. ಅಡ್ಡಿಯೆಂದು ತೋರಿದ ಮಿಡಿತವೇ ಅಲ್ಲಿ ಸಾಧನವಾಯಿತು.

ಆದರೆ ಆಕ್ಸಿಮೀಟರ್ ಹೇಳುವುದು ಹಿಮೋಗ್ಲೋಬಿನ್‌ನಲ್ಲಿ ಆಮ್ಲಜನಕದ ಶೇಕಡಾವಾರು ತುಂಬುವಿಕೆಯನ್ನೇ ಹೊರತು ಅದರ ಒಟ್ಟು ಪ್ರಮಾಣವನ್ನಲ್ಲ. ನಾರಾಯಣಪುರ ಜಲಾಶಯದ ನೀರನ್ನು ಬಲ್ಲ ಭೀಮರಾಯನಗುಡಿಯ ಸೀಮೆಯ ರೈತರಿಗೆ ಈ ಭೇದ ಸುಲಭವಾಗಿ ತಿಳಿಯುತ್ತದೆ: ಹೊಲಗಾಲುವೆಯೂ ಮುಖ್ಯ ಕಾಲುವೆಯೂ ಅಂಚಿನವರೆಗೆ ತುಂಬಿರಬಹುದು, ಹರಿಯುವ ನೀರು ಮಾತ್ರ ಒಂದೇ ಅಲ್ಲ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರುವುದರಿಂದ, 100 ಮಿಲಿಲೀಟರ್ ರಕ್ತದಲ್ಲಿ 14 ಗ್ರಾಂ ಇರುವವರಲ್ಲಿ ಶೇ. 98ರ ಮಟ್ಟಕ್ಕೆ ಸುಮಾರು 18 ಮಿಲಿಲೀಟರ್ ದೊರೆತರೆ, ರಕ್ತಹೀನತೆಯಿಂದ 7 ಗ್ರಾಮಿಗಿಳಿದ ಗರ್ಭಿಣಿಯಲ್ಲಿ ಅದೇ 98ಕ್ಕೆ 9 ಮಾತ್ರ ದೊರೆಯುತ್ತದೆ. ಆದಕಾರಣ ಆಕೆಗೆ ಬೆಳಕಿನ ಈ ಕ್ಲಿಪ್ಪಿನಷ್ಟೇ ಹಿಮೋಗ್ಲೋಬಿನ್ ತಪಾಸಣೆಯ ಒಂದು ಹನಿ ರಕ್ತವೂ ಅವಶ್ಯಕವಾಗಿದೆ.