ಸಂಚಾರ್ ಸಾಥಿ: ಕರೆದಾಗ ಬಂದಿದ್ದರೆ ಸಾಕಿತ್ತು

ಫೋನ್ ಕಳಕೊಂಡು ಕಲಬುರಗಿಯ ಸೂಪರ್ ಮಾರ್ಕೆಟ್‌ನ ಯಾವುದೇ ಮೊಬೈಲ್ ಅಂಗಡಿ ಮುಂದೆ ನಿಂತರೆ ಮೊದಲು ಬರುವ ಪ್ರಶ್ನೆ ಒಂದೇ: "ಡಬ್ಬಿ ಅದ ಏನ್ರಿ?" ಡಬ್ಬಿಯ ಮಗ್ಗುಲಲ್ಲಿ 15 ಅಂಕಿಯ ಐಎಂಇಐ ಸಂಖ್ಯೆ ಅಚ್ಚಾಗಿರುತ್ತದೆ, ಎರಡು ಸಿಮ್ಮಿನ ಫೋನಾದರೆ ಎರಡು ಸಂಖ್ಯೆ. ಡಬ್ಬಿ ಎಸೆದವರು ಬಿಲ್ಲಿಗಾಗಿ ಮನೆಯೆಲ್ಲ ತಡಕಬೇಕು. *#06# ಒತ್ತಿದರೆ ಆ ಸಂಖ್ಯೆ ತೆರೆಯ ಮೇಲೆ ಬರುತ್ತದೆ ನಿಜ, ಆದರೆ ಫೋನ್ ಕೈಯಲ್ಲಿದ್ದಾಗ ಅದನ್ನು ಬರೆದಿಟ್ಟುಕೊಂಡ ಪುಣ್ಯಾತ್ಮರು ಎಷ್ಟು ಜನ?

ಸಂಖ್ಯೆ ಸಿಕ್ಕರೆ ಮುಂದಿನ ಹಾದಿ ಸಲೀಸು. ಠಾಣೆಯಲ್ಲಿ ದೂರು ಕೊಟ್ಟು, ಹಳೆಯ ನಂಬರಿನದೇ ಹೊಸ ಸಿಮ್ ತೆಗೆದುಕೊಂಡು, ಕೇಂದ್ರ ದೂರಸಂಪರ್ಕ ಇಲಾಖೆಯ ಸಿಇಐಆರ್ ಪೋರ್ಟಲ್‌ನಲ್ಲಿ ದೂರಿನ ಪ್ರತಿ ಮತ್ತು ಗುರುತಿನ ಚೀಟಿ ಏರಿಸಿದರೆ ಆ ಐಎಂಇಐ ದೇಶದ ಎಲ್ಲ ಕಂಪನಿಗಳ ನೆಟ್‌ವರ್ಕ್‌ನಲ್ಲೂ ಕಪ್ಪುಪಟ್ಟಿಗೆ ಸೇರುತ್ತದೆ. ಮುಂದೆ ಯಾರೋ ಆ ಫೋನಿಗೆ ತಮ್ಮ ಸಿಮ್ ಹಾಕುತ್ತಾರೆ. ಟವರ್‌ಗೆ ಸಿಮ್ಮಿನ ಗುರುತೂ ಫೋನಿನ ಗುರುತೂ ಒಟ್ಟಿಗೇ ಕಾಣುವುದರಿಂದ ಹೊಸ ನಂಬರು ಠಾಣೆಗೆ ತಿಳಿಯುತ್ತದೆ. ಪೊಲೀಸರು ಕರೆ ಮಾಡುತ್ತಾರೆ. ಆ ಕಡೆಯಿಂದ ಮಾತಾಡುವವನು ಬಹುತೇಕ ಕಳ್ಳನಾಗಿರುವುದಿಲ್ಲ, ಸೆಕೆಂಡ್ ಹ್ಯಾಂಡ್ ಅಂತ ಅಗ್ಗಕ್ಕೆ ಕೊಂಡವನಾಗಿರುತ್ತಾನೆ. ಹೆದರಿ ತಂದುಕೊಡುತ್ತಾನೆ. ಶರಣಬಸವೇಶ್ವರರ ತೇರಿನ ನೂಕುನುಗ್ಗಲಿನಲ್ಲೋ ಬಂದೇನವಾಜರ ಉರುಸಿನ ಸಂದಣಿಯಲ್ಲೋ ಜೇಬಿನಿಂದ ಜಾರಿದ ಫೋನು ಹೀಗೆ ವಾಪಸು ಬರುವುದು ಸಣ್ಣ ಮಾತಲ್ಲ. ಜಿಲ್ಲಾ ಪೊಲೀಸರು ಸಿಕ್ಕ ಫೋನುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ ಫೋಟೊ ತೆಗೆಸಿಕೊಳ್ಳುವುದನ್ನು ನಾವು ಪತ್ರಿಕೆಯಲ್ಲಿ ಎಷ್ಟೋ ಸಲ ನೋಡಿದ್ದೇವೆ. ಆ ಫೋಟೊಕ್ಕೆ ಅವರು ಅರ್ಹರು.

2023ರ ಮೇ ತಿಂಗಳಲ್ಲಿ ಸಂಚಾರ್ ಸಾಥಿ ಪೋರ್ಟಲ್ ಮೂಲಕ ದೇಶಕ್ಕೆಲ್ಲ ತೆರೆದ ಈ ಸೌಲಭ್ಯವನ್ನು ಸರ್ಕಾರಿ ತಂತ್ರಜ್ಞಾನದ ಒಳ್ಳೆಯ ಕೆಲಸಗಳ ಸಾಲಿಗೆ ನಾನು ಅನುಮಾನವಿಲ್ಲದೆ ಸೇರಿಸುತ್ತೇನೆ. ಇದು ಮಾಲೀಕ ಬಂದು ಕೇಳಿದ ಮೇಲೆ ಹುಡುಕುತ್ತದೆ, ಅವನದೇ ಫೋನನ್ನು ಹುಡುಕುತ್ತದೆ, ಸಿಕ್ಕ ಮೇಲೆ ಸುಮ್ಮನಾಗುತ್ತದೆ. ಕುಂದುಗಳಿಲ್ಲ ಎಂದಲ್ಲ. ಸಿಮ್ ಬದಲಿಸಿದ ಮೇಲೆ ಒಂದು ದಿನದವರೆಗೂ ಎಸ್‌ಎಂಎಸ್ ಬಾರದೆ ಇರಬಹುದು, ಅಲ್ಲಿಯವರೆಗೆ ಒಟಿಪಿಯೂ ಇಲ್ಲ. ಕಲಬುರಗಿ ಜಿಲ್ಲೆಯ ಕಮಲಾಪುರದ ಸುತ್ತಲಿನ ಹಳ್ಳಿಯವರಿಗೆ ಠಾಣೆಗೊಂದು, ಸಿಮ್ಮಿಗೊಂದು, ಅರ್ಜಿ ತುಂಬಿಸಲು ಮತ್ತೊಂದು ಓಡಾಟವೆಂದರೆ ಅಷ್ಟು ದಿನದ ಕೂಲಿ ಹೋಯಿತು. ಅಷ್ಟರಲ್ಲಿ ಕಳ್ಳ ಫೋನ್‌ಪೇ ಖಾತೆಗೆ ಕೈ ಹಾಕದಿದ್ದರೆ ಅದೃಷ್ಟ.

2025ರ ಜನವರಿಯಲ್ಲಿ ಇದೇ ಹೆಸರಿನ ಆ್ಯಪ್ ಬಂತು. ನನಗೆ ಇದರ ತರ್ಕ ಪೂರ್ತಿ ಹಿಡಿಸಿಲ್ಲ. ಮೋಸದ ಕರೆಯ ಬಗ್ಗೆ ದೂರಲು, ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಲು ಅದು ಉಪಯೋಗವೇ. ಆದರೆ ಕಳೆದ ಫೋನ್ ಹುಡುಕುವ ಆ್ಯಪ್ ಇರುವುದು ಕಳೆದ ಫೋನಿನಲ್ಲೇ! ಕೊನೆಗೆ ಪಕ್ಕದ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನ ಮುಂದೆಯೇ ಕೂರಬೇಕು.

ಅದಿರಲಿ, ನಿಜವಾದ ತಕರಾರು ಇರುವುದು ಆ ವರ್ಷದ ನವೆಂಬರ್ 28ರ ಆದೇಶದ ಬಗ್ಗೆ. 90 ದಿನಗಳೊಳಗೆ ಪ್ರತಿ ಹೊಸ ಫೋನಿನಲ್ಲಿ ಈ ಆ್ಯಪ್ ಮೊದಲೇ ಕೂತಿರಬೇಕು, ಅದರ ಕೆಲಸವನ್ನು ನಿಲ್ಲಿಸಲಾಗಲಿ ಮೊಟಕುಗೊಳಿಸಲಾಗಲಿ ಆಗಬಾರದು, ಆಗಲೇ ಅಂಗಡಿ ಸೇರಿದ ಫೋನುಗಳಿಗೂ ಅಪ್‌ಡೇಟ್ ಮೂಲಕ ತಳ್ಳಬೇಕು ಎಂದು ಕಂಪನಿಗಳಿಗೆ ಹೇಳಲಾಯಿತು. ಗುಲ್ಲೆದ್ದಾಗ ಸಚಿವ ಜ್ಯೋತಿರಾದಿತ್ಯ ಸಿಂಧಿಯಾ, ಬೇಡವಾದರೆ ಅಳಿಸಬಹುದು ಎಂದರು. ಆದೇಶದ ಸಾಲು ಒಂದು, ಸಚಿವರ ಮಾತು ಇನ್ನೊಂದು. ಡಿಸೆಂಬರ್ 3ರಂದು ಕಡ್ಡಾಯವನ್ನೇ ಕೈಬಿಟ್ಟರು. ಜನ ತಾವಾಗಿಯೇ ಇಳಿಸಿಕೊಳ್ಳುತ್ತಿದ್ದಾರೆ, ಹಾಗಾಗಿ ಕಡ್ಡಾಯ ಬೇಕಿಲ್ಲ ಎಂಬ ಸಮಜಾಯಿಷಿ ಬೇರೆ. ಜನ ತಾವಾಗಿಯೇ ಇಳಿಸಿಕೊಳ್ಳುವಂಥದ್ದನ್ನು ಹೇರುವ ಯೋಚನೆ ಐದು ದಿನ ಮೊದಲು ಯಾಕೆ ಬಂತೋ.

ಈ ಆದೇಶ ಸೋತದ್ದು ಗದ್ದಲಕ್ಕೆ. ಆದರೆ ಅದರ ವಿರುದ್ಧದ ಗಟ್ಟಿ ವಾದ ಸರ್ಕಾರದ್ದೇ ಕಡತದಲ್ಲಿತ್ತು. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಆಕ್ಷೇಪಗಳಲ್ಲಿ ಮುಖ್ಯವಾದದ್ದು, ಆಂಡ್ರಾಯ್ಡ್ ಫೋನು ತಯಾರಿಸುವವರ ಮೇಲೆ ತನ್ನ ಆ್ಯಪ್‌ಗಳ ಇಡೀ ಕಟ್ಟನ್ನು ಹೊರಿಸಿ, ತೆಗೆಯಲು ಬಾರದ ಹಾಗೆ ಮಾಡಿದ್ದು. ಮೇಲ್ಮನವಿ ನ್ಯಾಯಮಂಡಳಿ 2023ರಲ್ಲಿ ಆಯೋಗದ ಕೆಲವು ನಿರ್ದೇಶನಗಳನ್ನು ಬದಿಗಿಟ್ಟರೂ ದಂಡವನ್ನು ಉಳಿಸಿತು. ಕಮಲಾಪುರದ ರೈತ ಕೊಂಡ ಹತ್ತು ಸಾವಿರದ ಫೋನಿನಲ್ಲಿ ಗೂಗಲ್ ಬಲವಂತವಾಗಿ ಕೂತರೆ ತಪ್ಪು, ದೂರಸಂಪರ್ಕ ಇಲಾಖೆ ಕೂತರೆ ರಕ್ಷಣೆ ಎನ್ನುವುದಾದರೆ ವ್ಯತ್ಯಾಸ ಎಲ್ಲಿದೆ ಎಂದು ಕಾನೂನಿನಲ್ಲಿ ತೋರಿಸಬೇಕಿತ್ತು. 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ಇಲ್ಲಿ ನೆರವಿಗೆ ಬರುವುದಿಲ್ಲ. ಕಂಪನಿಗಳಿಗೆ ಒಪ್ಪಿಗೆಯ ಪಾಠ ಹೇಳುವ ಆ ಕಾಯ್ದೆ, ತನಗೆ ಬೇಕೆನಿಸಿದ ಸರ್ಕಾರಿ ಸಂಸ್ಥೆಗಳನ್ನು ಅಧಿಸೂಚನೆ ಹೊರಡಿಸಿ ಹೊರಗಿಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ.

ಅದೇ ನವೆಂಬರ್ 28ರ ಇನ್ನೊಂದು ಆದೇಶಕ್ಕೆ ಇಷ್ಟು ಗದ್ದಲವಾಗಲಿಲ್ಲ, ಆಗಬೇಕಿತ್ತು. ವಾಟ್ಸ್ಯಾಪ್, ಟೆಲಿಗ್ರಾಂ, ಸಿಗ್ನಲ್‌ನಂಥವು ನೋಂದಾಯಿಸಿದ ಸಿಮ್ ಫೋನಿನೊಳಗೆ ಇದ್ದರೆ ಮಾತ್ರ ನಡೆಯಬೇಕು, ಕಂಪ್ಯೂಟರಿನಲ್ಲಿ ತೆರೆದ ವಾಟ್ಸ್ಯಾಪ್ ಆರು ಗಂಟೆಗೊಮ್ಮೆ ತಾನೇ ಮುಚ್ಚಿಕೊಳ್ಳಬೇಕು ಎಂದು ಅದು ಹೇಳಿತು. ಹೊರದೇಶದಲ್ಲಿ ಕೂತು ಭಾರತದ ನಂಬರಿನಿಂದ, ಪೊಲೀಸರ ಸೋಗಿನಲ್ಲಿ 'ಡಿಜಿಟಲ್ ಅರೆಸ್ಟ್' ಮಾಡುವವರನ್ನು ಕಟ್ಟಿಹಾಕುವ ಉದ್ದೇಶ ಸರಿಯೇ. ಆದರೆ ನಮ್ಮ ಕಡೆ ಫೋನ್ ಬಳಸುವ ರೀತಿಯನ್ನು ಈ ನಿಯಮ ಬರೆದವರು ನೋಡಿದಂತಿಲ್ಲ. ಅಪ್ಪನ ಸಿಮ್ ಬಟನ್ ಫೋನಿನಲ್ಲಿರುತ್ತದೆ, ಬ್ಯಾಟರಿ ಮೂರು ದಿನ ಬರುತ್ತದೆ ಅಂತ. ಅದೇ ನಂಬರಿನ ವಾಟ್ಸ್ಯಾಪ್ ಮಗನ ದೊಡ್ಡ ಫೋನಿನಲ್ಲಿ. ಕೆಂಪು ಬಾಳೆಯ ಗೊನೆಯ ಫೋಟೊ ವ್ಯಾಪಾರಿಗೆ ಹೋಗುವುದು ಅಲ್ಲಿಂದ. ಮುಂಬೈ, ಪುಣೆಗೆ ದುಡಿಯಲು ಹೋದವರು ಊರಿನ ನಂಬರಿನ ವಾಟ್ಸ್ಯಾಪ್ ಉಳಿಸಿಕೊಂಡು ಬೇರೆ ಸಿಮ್ಮಿಗೆ ರೀಚಾರ್ಜ್ ಮಾಡುತ್ತಾರೆ. ರೀಚಾರ್ಜಿನ ದರ ಹಾಗಿದೆ. ಮೋಸಗಾರ ಸಿಮ್ ಸಮೇತ ಫೋನನ್ನೇ ಸಾಗಿಸಿಕೊಂಡಾನು. ಇವರು ಎಲ್ಲಿಗೆ ಹೋಗಬೇಕು?

ವಾಟ್ಸ್ಯಾಪ್‌ಗೆ ಕಡಿವಾಣ ಹಾಕುವ ಬೇರೆ ದಾರಿಯೂ ಇದೆ, ಅದರ ಉದಾಹರಣೆ ಪಕ್ಕದಲ್ಲೇ ಸಿಗುತ್ತದೆ. ಕಮಲಾಪುರದ ಹೆದ್ದಾರಿಯಲ್ಲಿ ಹುಮನಾಬಾದ್ ಕಡೆಗೆ ಹೋದರೆ ಬೀದರ್ ಜಿಲ್ಲೆ. ಅಲ್ಲಿನ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ 2018ರ ಜುಲೈ 13ರಂದು, ಮಕ್ಕಳಿಗೆ ಚಾಕೊಲೇಟ್ ಕೊಟ್ಟ, ಹೈದರಾಬಾದಿನಿಂದ ಬಂದಿದ್ದ ತರುಣರನ್ನು ಮಕ್ಕಳ ಕಳ್ಳರೆಂದು ವಾಟ್ಸ್ಯಾಪ್‌ನಲ್ಲಿ ಸುದ್ದಿ ಹಬ್ಬಿಸಿ, ದಾರಿ ಅಡ್ಡಗಟ್ಟಿ ಹೊಡೆದರು. ಒಬ್ಬ ಇಂಜಿನಿಯರ್ ಸತ್ತ. ಒಂದೇ ವಾರದಲ್ಲಿ ವಾಟ್ಸ್ಯಾಪ್ ಭಾರತದಲ್ಲಿ ಫಾರ್ವರ್ಡ್ ಮಾಡುವುದನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಇಳಿಸುವುದಾಗಿ ಹೇಳಿತು. ಆ ತಿಂಗಳುಗಳಲ್ಲಿ ದೇಶದ ಬೇರೆಡೆಯೂ ಇಂಥ ಕೊಲೆಗಳಾಗಿದ್ದವು, ಸರ್ಕಾರ ಕಂಪನಿಗೆ ಬರೆದಿತ್ತು. ಇಲ್ಲಿ ಗಮನಿಸಬೇಕಾದದ್ದು ಎರಡು. ಮುರ್ಕಿಯ ಗ್ರೂಪಿನ ಅಡ್ಮಿನ್‌ನನ್ನೂ ಹೊಡೆದವರನ್ನೂ ಹಿಡಿಯಲು ಪೊಲೀಸರಿಗೆ ಯಾರ ಗೂಢಲಿಪಿಯನ್ನೂ ಒಡೆಯುವ ಅಗತ್ಯ ಬೀಳಲಿಲ್ಲ, ಸಾಕ್ಷಿ ಊರಿನವರ ಫೋನುಗಳ ವಿಡಿಯೊದಲ್ಲೇ ಇತ್ತು. ಇನ್ನೊಂದು, ವೇಗಕ್ಕೆ ಹಾಕಿದ ಆ ಸಣ್ಣ ಕಡಿವಾಣ ಯಾರ ಮೇಲೂ ಕಣ್ಣಿಡಲಿಲ್ಲ. ದೊಡ್ಡ ಕಂಪನಿಯನ್ನು ನಿಯಂತ್ರಿಸುವುದೆಂದರೆ ನನ್ನ ಮಟ್ಟಿಗೆ ಇದು: ಅದರ ಯಂತ್ರದ ವಿನ್ಯಾಸದ ಮೇಲೆ ಕೈಯಿಡುವುದು. 2021ರ ಐಟಿ ನಿಯಮಗಳು ಆ ಹಾದಿ ಬಿಟ್ಟು, ಸಂದೇಶವನ್ನು ಮೊದಲು ಕಳಿಸಿದವರು ಯಾರೆಂದು ಹೇಳಿ ಎಂದು ಕಂಪನಿಗಳನ್ನು ಕೇಳಿದವು. ವಾಟ್ಸ್ಯಾಪ್ ದೆಹಲಿ ಹೈಕೋರ್ಟಿಗೆ ಹೋಯಿತು. ವಾಟ್ಸ್ಯಾಪನ್ನು ಖಾಸಗಿತನದ ಕಾವಲುಗಾರ ಎಂದು ಹೊಗಳಲು ಮನಸ್ಸು ಬರುವುದಿಲ್ಲ. ಬಳಕೆದಾರರ ಮಾಹಿತಿಯನ್ನು ಮೆಟಾದ ಇತರ ಕಂಪನಿಗಳೊಂದಿಗೆ ಹಂಚಿಕೊಳ್ಳಲು ಒಪ್ಪಲೇಬೇಕೆಂದ 2021ರ ನೀತಿಗಾಗಿ ಅದೇ ಸ್ಪರ್ಧಾ ಆಯೋಗ 2024ರಲ್ಲಿ ಮೆಟಾಗೆ 213.14 ಕೋಟಿ ದಂಡ ಹಾಕಿದೆ.

ಎಲ್ಲರ ಜಾಡು ಹಿಡಿಯಲು ಇಷ್ಟು ಆತುರವಿರುವ ವ್ಯವಸ್ಥೆ, ಜಾಡು ನಿಜವಾಗಿ ಬೇಕಾದಾಗ ಹೇಗೆ ನಡೆದುಕೊಂಡಿತು? ಕಮಲಾಪುರದ ಪಕ್ಕದ ಆಳಂದ ನೋಡಬೇಕು. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಅಲ್ಲಿ ಮತದಾರರ ಹೆಸರು ಅಳಿಸಲು ಚುನಾವಣಾ ಆಯೋಗದ ಆ್ಯಪ್, ಪೋರ್ಟಲ್‌ಗಳ ಮೂಲಕ 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯಿದ್ದದ್ದು 24. ಅರ್ಜಿ ಹಾಕಿದವರೆಂದು ಹೆಸರಿದ್ದವರಿಗೇ ಅರ್ಜಿಯ ಸುದ್ದಿ ಗೊತ್ತಿರಲಿಲ್ಲ. ಚುನಾವಣಾಧಿಕಾರಿಯೇ 2023ರ ಫೆಬ್ರುವರಿ 21ರಂದು ದೂರು ಕೊಟ್ಟರು. ತನಿಖೆಗೆ ಬೇಕಿದ್ದದ್ದು ಯಾವ ಸಾಧನದಿಂದ, ಯಾವ ಐಪಿ, ಯಾವ ಪೋರ್ಟ್ ಮೂಲಕ ಅರ್ಜಿ ಹೋಯಿತು ಎಂಬ ವಿವರ. ಒಂದೇ ಐಪಿ ವಿಳಾಸವನ್ನು ಮೊಬೈಲ್ ಕಂಪನಿಗಳು ಸಾವಿರಾರು ಫೋನುಗಳಿಗೆ ಹಂಚುವುದರಿಂದ, ಪೋರ್ಟ್ ಗೊತ್ತಿಲ್ಲದೆ ಐಪಿ ಸಿಕ್ಕರೂ ಫೋನು ಸಿಗುವುದಿಲ್ಲ. ಸೆಪ್ಟೆಂಬರ್ 6ರಂದೇ ತನ್ನಲ್ಲಿದ್ದದ್ದನ್ನೆಲ್ಲ ಕಲಬುರಗಿ ಎಸ್‌ಪಿಗೆ ಕೊಟ್ಟಿದ್ದೇನೆ ಎಂದು ಆಯೋಗ ಹೇಳಿತು. ಬೇಕಾದದ್ದು ಬಂದಿಲ್ಲವೆಂದು, ತನಿಖೆ ನಡೆಸುತ್ತಿದ್ದ ಸಿಐಡಿ ಪತ್ರದ ಮೇಲೆ ಪತ್ರ ಬರೆಯಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಎಸ್‌ಐಟಿ ರಚಿಸಿದ ಮೇಲೆ, ಕಲಬುರಗಿಯದೇ ಒಂದು ಡೇಟಾ ಕೇಂದ್ರದಿಂದ ಅರ್ಜಿಗೆ 80 ರೂಪಾಯಿಯಂತೆ ಈ ಕೆಲಸ ನಡೆದಿತ್ತು ಎಂದು ತನಿಖೆಯಲ್ಲಿ ಕಂಡುಬಂದಿದ್ದಾಗಿ ಪತ್ರಿಕೆಗಳು ವರದಿ ಮಾಡಿದವು. ಆಳಂದದ ಪ್ರತಿ ಫೋನಿನಲ್ಲೂ ಸಂಚಾರ್ ಸಾಥಿ ಕೂತಿದ್ದರೂ ಈ ತನಿಖೆ ಒಂದು ದಿನ ಬೇಗ ಮುಗಿಯುತ್ತಿರಲಿಲ್ಲ. ಸಿಐಡಿ ಕೇಳುತ್ತಿದ್ದ ಐಪಿ, ಪೋರ್ಟ್‌ಗಳು ದಾಖಲಾಗಬೇಕಿದ್ದದ್ದು ಅರ್ಜಿ ತೆಗೆದುಕೊಂಡ ಆಯೋಗದ ಸರ್ವರ್‌ನಲ್ಲಿ.