ಅಣಬೆಯ ಔಷಧಗುಣ: ಜನಪ್ರಿಯ ಬರಹಗಳ ಒಂದು ಪರಿಶೀಲನೆ

ಅಣಬೆಯ ಔಷಧಗುಣವನ್ನು ಕೊಂಡಾಡುವ ಬರಹಗಳು ಈಚೆಗೆ ಕನ್ನಡದಲ್ಲಿ ಹೆಚ್ಚುತ್ತಿವೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಚಿಂಚೋಳಿಯ ಕಾಡಿನಲ್ಲಿ, ಚಂದ್ರಂಪಳ್ಳಿ ಜಲಾಶಯದ ಆಸುಪಾಸಿನಲ್ಲಿ, ಮಳೆ ಬಿದ್ದೊಡನೆ ಅಣಬೆ ತಲೆಯೆತ್ತುವುದನ್ನು ಕಂಡ ನಮ್ಮ ವಿದ್ಯಾರ್ಥಿಗಳಿಗೆ ಈ ವಿಷಯ ಅಪರಿಚಿತವಲ್ಲ. ಆದುದರಿಂದ ಇಂಥ ಬರಹಗಳಲ್ಲಿ ಸತ್ಯಾಂಶವೆಷ್ಟು, ಅತಿಶಯೋಕ್ತಿಯೆಷ್ಟು ಎಂಬುದನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಇವು ಸಾಮಾನ್ಯವಾಗಿ ಪ್ರಾಚೀನರ ಸಾಕ್ಷ್ಯದಿಂದ ಆರಂಭವಾಗುತ್ತವೆ. ಆದರೆ ಚರಕಸಂಹಿತೆಯ ಸೂತ್ರಸ್ಥಾನದ 27ನೆಯ ಅಧ್ಯಾಯವು ಸರ್ಪಚ್ಛತ್ರಕವನ್ನು ವರ್ಜಿಸಿ, ಉಳಿದ ಛತ್ರಜಾತಿಗಳು ರುಚಿಯಲ್ಲಿ ಮಧುರವಾದರೂ ಜೀರ್ಣಕ್ಕೆ ಭಾರವೆಂದೂ ಶೀತಗುಣದವೆಂದೂ ನೆಗಡಿಗೆ ಕಾರಣವೆಂದೂ ಎಣಿಸುತ್ತದೆ. ಇದು ಆಹಾರವಿವೇಚನೆಯೇ ಹೊರತು ಔಷಧಸ್ತುತಿಯಲ್ಲ.

ಆಧುನಿಕ ಸಾಕ್ಷ್ಯವಾದರೋ ಇದಕ್ಕಿಂತ ಗಟ್ಟಿಯಾದುದು. ಅಣಬೆಯ ಕೋಶಭಿತ್ತಿಯಲ್ಲಿರುವ ಬೀಟಾ-ಗ್ಲೂಕನ್ ಎಂಬ ಬಹುಶರ್ಕರಗಳು ದೇಹದ ರೋಗರಕ್ಷಕ ಕಣಗಳನ್ನು ಪ್ರಚೋದಿಸಬಲ್ಲವು. ಶಿಟಾಕೆ ಅಣಬೆಯ ಬಹುಶರ್ಕರಗಳು ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆಯನ್ನು ತಡೆಯುತ್ತವೆಂದು ಜಪಾನಿನ ಗೋರೋ ಚಿಹಾರಾ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದರು. ಹಾಗೆ ದೊರೆತ ಲೆಂಟಿನಾನ್ 1985ರಲ್ಲಿ ಆ ದೇಶದಲ್ಲಿ ಔಷಧವೆಂದು ಮನ್ನಣೆ ಪಡೆಯಿತು. ಆದರೆ ಅದನ್ನು ಕೊಟ್ಟದ್ದು ಜಠರದ ಕ್ಯಾನ್ಸರಿಗೆ, ಇತರ ಔಷಧಗಳೊಡನೆ, ರಕ್ತನಾಳಕ್ಕೆ ಚುಚ್ಚುಮದ್ದಾಗಿ. ಈ ಸಂಗತಿಯನ್ನು ಮರೆಸಿ, ಅದೇ ಫಲವನ್ನು ಸಾರಿನ ಅಣಬೆಗೂ ಪುಡಿಯ ಪೊಟ್ಟಣಕ್ಕೂ ಆರೋಪಿಸುವುದು ತರ್ಕಕ್ಕೆ ಸಲ್ಲದು. ರೀಶಿ ಅಣಬೆಯ ಮಾನವಪ್ರಯೋಗಗಳನ್ನು 2016ರಲ್ಲಿ ಪರಿಶೀಲಿಸಿದ ಕಾಕ್ರೇನ್ ವರದಿಯೂ, ಅದನ್ನು ಕ್ಯಾನ್ಸರಿಗೆ ಪ್ರಥಮ ಚಿಕಿತ್ಸೆಯಾಗಿ ಬಳಸಲು ಸಾಕಷ್ಟು ಆಧಾರವಿಲ್ಲವೆಂದಿತು. ರೂಢಿಯ ಚಿಕಿತ್ಸೆಯ ಜೊತೆಗೆ ಕೊಡುವುದನ್ನು ಆಲೋಚಿಸಬಹುದೆಂಬಲ್ಲಿಗೆ ನಿಂತಿತು.

ಅಣಬೆ ಒಳ್ಳೆಯ ಆಹಾರವೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಅದರಲ್ಲಿ ಪ್ರೋಟೀನೂ ನಾರೂ ಇವೆ. ಬಿಸಿಲಿಗೆ ಒಡ್ಡಿದಾಗ ಅದರ ಎರ್ಗೊಸ್ಟೆರಾಲ್ ಡಿ2 ಜೀವಸತ್ತ್ವವಾಗುತ್ತದೆ. ಇಷ್ಟನ್ನು ಹೇಳಿದ್ದರೆ ಲೇಖಕರ ಮೇಲೆ ಆಕ್ಷೇಪವಿರುತ್ತಿರಲಿಲ್ಲ. ಆದರೆ ವಾಡಿಯ ಅಥವಾ ಶಹಾಬಾದದ ಕಾರ್ಮಿಕನೊಬ್ಬನು ಇವರ ಮಾತನ್ನು ನಂಬಿ, ಗಡ್ಡೆಯನ್ನು ವೈದ್ಯರಿಗೆ ತೋರಿಸದೆ ಪುಡಿ ನುಂಗುತ್ತ ತಿಂಗಳುಗಳನ್ನು ಕಳೆದರೆ, ಆ ಕಾಲ ಮರಳಿ ದೊರೆಯದು. ಕಾಡಿನ ಅಣಬೆಯೆಲ್ಲವೂ ಮದ್ದೆಂದು ಬಗೆದು ಆರಿಸಿ ತಿನ್ನುವುದಂತೂ ಇನ್ನೂ ಅಪಾಯಕರ. ಕೆಲವು ಅಣಬೆಗಳಲ್ಲಿರುವ ಅಮಟಾಕ್ಸಿನ್ ಎಂಬ ವಿಷವು ಬೇಯಿಸಿದರೂ ನಾಶವಾಗದೆ ಯಕೃತ್ತನ್ನು ಕೆಡಿಸುತ್ತದೆ.

ಪ್ರಯೋಗ ನಡೆದುದು ಯಾವ ಜೀವಿಯ ಮೇಲೆ? ಪದಾರ್ಥವನ್ನು ಎಷ್ಟು ಪ್ರಮಾಣದಲ್ಲಿ, ಯಾವ ಮಾರ್ಗದಿಂದ ಕೊಡಲಾಯಿತು? ಫಲವನ್ನು ಯಾವುದರೊಡನೆ ಹೋಲಿಸಲಾಯಿತು? ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡದ ಬರಹವನ್ನು ತರಗತಿಯಲ್ಲಿ ಆಧಾರವಾಗಿ ಬಳಸಲಾಗದೆಂಬುದು ನಮ್ಮ ಅಭಿಪ್ರಾಯ.