ಒಂದೇ ಅಳತೆಗೋಲು: ಕ್ರೈಸ್ತ ಶ್ರದ್ಧೆ, ನಿರೀಶ್ವರವಾದ ಮತ್ತು ವಿಜ್ಞಾನದ ತಾಟಸ್ಥ್ಯ

ವಿಜ್ಞಾನವು ಕ್ರೈಸ್ತ ಶ್ರದ್ಧೆಗೂ ನಿರೀಶ್ವರವಾದಕ್ಕೂ ಸಮದೂರದಲ್ಲಿ ನಿಲ್ಲಬಲ್ಲುದೇ ಎಂಬ ಪ್ರಶ್ನೆಯು ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಕಲಹಗಳಿಂದ ನಮ್ಮಲ್ಲಿಗೆ ಬಂದುದಾದರೂ, ನಮ್ಮ ಕರಾವಳಿಯಲ್ಲಿ ಅದಕ್ಕೆ ತನ್ನದೇ ಆದ ಚರಿತ್ರೆಯೊಂದು ಬೆಳೆದಿದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನದು ಆ ಚರಿತ್ರೆಯ ಒಂದು ಧಾರೆ. 1970ರ ದಶಕದಲ್ಲಿ ಕರ್ನಾಟಕದಲ್ಲಿ ಬಲಗೊಂಡ ವಿಚಾರವಾದಿಗಳದು ಇನ್ನೊಂದು. ಪರಸ್ಪರ ವಿರುದ್ಧವಾದ ಈ ಎರಡು ಪರಂಪರೆಗಳೂ ವಿಜ್ಞಾನವನ್ನೇ ತಂತಮ್ಮ ಪಕ್ಷದ ಸಾಕ್ಷಿಯೆಂದು ಮುಂದಿಟ್ಟಿರುವುದರಿಂದ, ಆ ಸಾಕ್ಷಿಯು ನಿಜವಾಗಿ ನುಡಿದುದೆಷ್ಟು, ವಕೀಲರು ಅದರ ಬಾಯಲ್ಲಿ ನುಡಿಸಿದುದೆಷ್ಟು ಎಂಬುದನ್ನು ವಿವೇಚಿಸುವುದು ಅವಶ್ಯವಾಗಿದೆ.

ಮಿಷನ್ ಪರಂಪರೆಯು ವಿಜ್ಞಾನವನ್ನು ಮೊದಲು ಕಂಡುದು ಕಸುಬಿನ ರೂಪದಲ್ಲಿ. 1841ರ ಮುದ್ರಣಾಲಯ, 1865ರ ಹೆಂಚಿನ ಕಾರ್ಖಾನೆ, 1923ರಲ್ಲಿ ಸ್ವಿಸ್ ವೈದ್ಯೆ ಈವಾ ಲೊಂಬಾರ್ಡರು ಉಡುಪಿಯಲ್ಲಿ ಆರಂಭಿಸಿದ, ಊರವರು ಇಂದಿಗೂ ಮಿಷನ್ ಆಸ್ಪತ್ರೆಯೆಂದೇ ಕರೆಯುವ ಚಿಕಿತ್ಸಾಲಯ, ಇವೆಲ್ಲವೂ ಶ್ರದ್ಧೆಯ ಪ್ರೇರಣೆಯಿಂದಲೇ ಹುಟ್ಟಿದವು. ಆದರೆ ಹೆಂಚು ಬೇಯುವ ಶಾಖಕ್ಕಾಗಲಿ, ಸೂತಿಕಾಗೃಹದಲ್ಲಿ ಸೋಂಕನ್ನು ತಡೆಯುವ ಔಷಧಕ್ಕಾಗಲಿ ಆ ಪ್ರೇರಣೆಯ ಹಂಗಿರಲಿಲ್ಲ. 1953ರಲ್ಲಿ ಡಾ. ಟಿ. ಎಂ. ಎ. ಪೈಗಳು ಮಣಿಪಾಲದಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಕಲಿಸಲ್ಪಟ್ಟ ಶರೀರಶಾಸ್ತ್ರವು ಮಿಷನ್ ಆಸ್ಪತ್ರೆಯದಕ್ಕಿಂತ ಬೇರೆಯಾಗಿರಲಿಲ್ಲ. ವೈದ್ಯನು ಆಸ್ತಿಕನೋ ನಾಸ್ತಿಕನೋ ಎಂಬುದನ್ನು ರೋಗಾಣುವು ವಿಚಾರಿಸುವುದಿಲ್ಲ. ಕ್ರಿಯೆಯ ಈ ಮಟ್ಟದಲ್ಲಿ ವಿಜ್ಞಾನದ ತಾಟಸ್ಥ್ಯವು ನಿರ್ವಿವಾದವಾದುದು.

ವಿವಾದವು ಹುಟ್ಟುವುದು ವಿಜ್ಞಾನವನ್ನು ಪ್ರಮಾಣವನ್ನಾಗಿ ಬಳಸತೊಡಗಿದಾಗ. 1802ರಲ್ಲಿ ವಿಲಿಯಂ ಪೇಲಿಯು ಸೃಷ್ಟಿಯ ರಚನಾಚಾತುರ್ಯದಿಂದ ಸೃಷ್ಟಿಕರ್ತನನ್ನು ಊಹಿಸಿದ ವಾದವು ಆಂಗ್ಲ ವಿದ್ಯಾವಂತ ಪಾದ್ರಿಗಳ ಬತ್ತಳಿಕೆಯಲ್ಲಿ ಬಹುಕಾಲ ಉಳಿದಿತ್ತು. 1830ರಲ್ಲಿ ಕಲ್ಕತ್ತೆಗೆ ಬಂದ ಮಿಷನರಿ ಅಲೆಕ್ಸಾಂಡರ್ ಡಫ್ಫನು ಪಾಶ್ಚಾತ್ಯ ವಿದ್ಯೆಯು ಪೌರಾಣಿಕ ಭೂಗೋಳವನ್ನು ಕೆಡವಿ ಕ್ರಿಸ್ತನಿಗೆ ದಾರಿಮಾಡುವುದೆಂದು ನಂಬಿದ್ದನು. ಬಾಸೆಲ್ಲಿನವರು ತರ್ಕಕ್ಕಿಂತ ಅಂತಃಪರಿವರ್ತನೆಗೆ ಹೆಚ್ಚು ಬೆಲೆಗೊಟ್ಟ ಪಯಟಿಸ್ಟ್ ಭಕ್ತರಾದುದರಿಂದ ಈ ವಾದಕ್ಕೆ ಅಷ್ಟಾಗಿ ಒಲಿಯಲಿಲ್ಲವೆಂಬುದು ಅವರ ಹಿರಿಮೆಯೇ ಸರಿ. ಆದರೆ ಒಟ್ಟಿನಲ್ಲಿ ಮಿಷನರಿ ವಿದ್ಯಾಭ್ಯಾಸದ ದೋಷವು ಸ್ಪಷ್ಟವಾಗಿದೆ: ರಾಹುಕೇತುಗಳನ್ನು ಅಳೆದ ಕೋಲಿನಿಂದಲೇ ಆದಿಕಾಂಡದ ಆರು ದಿನಗಳನ್ನೂ ಅಳೆಯಬೇಕಾಗುವುದೆಂಬುದನ್ನು ಅದು ಮರೆಯಿತು, 1859ರಲ್ಲಿ ಡಾರ್ವಿನ್ನನ ಗ್ರಂಥವು ಪ್ರಕಟವಾದ ಮೇಲೆ ಆ ಮರೆವಿಗೆ ಅವಕಾಶವೇ ಉಳಿಯಲಿಲ್ಲ.

ಎದುರು ಪಕ್ಷದ ಸಾಧನೆಯೂ ಅಲ್ಪವಲ್ಲ. ಭೌತಶಾಸ್ತ್ರಜ್ಞರಾದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದರು. ಮಂಗಳೂರಿನಲ್ಲಿ ಜೀವರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ನರೇಂದ್ರ ನಾಯಕರು ಪವಾಡಗಳ ಹಿಂದಿನ ಕೈಚಳಕವನ್ನು ಊರೂರಿನಲ್ಲಿ ಮಾಡಿತೋರಿಸಿದರು. 2012ರಲ್ಲಿ ಮುಂಬಯಿಯ ಶಿಲುಬೆಯೊಂದರಿಂದ ನೀರು ತೊಟ್ಟಿಕ್ಕಿದಾಗ, ಕಟ್ಟಿಕೊಂಡ ಚರಂಡಿಯ ನೀರು ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ಏರಿಬಂದುದೇ ಅದಕ್ಕೆ ಕಾರಣವೆಂದು ವಿವರಿಸಿದ ವಿಚಾರವಾದಿ ಸನಲ್ ಇಡಮರುಕು ಅವರ ಮೇಲೆ ಧರ್ಮನಿಂದೆಯ ದೂರು ದಾಖಲಾಗಿ, ಅವರು ದೇಶವನ್ನೇ ತೊರೆಯುವಂತಾಯಿತು. ಅವರ ವಿವರಣೆಗೆ ಉತ್ತರವು ವಿವರಣೆಯಿಂದಲೇ ಬರಬೇಕಾಗಿತ್ತು. ಆದರೂ ವಿಚಾರವಾದಿಗಳಲ್ಲಿ ಅನೇಕರು ಇಲ್ಲಿಂದ ಒಂದು ಹೆಜ್ಜೆ ಮುಂದಿಟ್ಟು, ಈ ನೀರು ಚರಂಡಿಯದು, ಆದಕಾರಣ ದೇವರಿಲ್ಲ ಎನ್ನುತ್ತಾರೆ. ಪೂರ್ವವಾಕ್ಯವು ಪ್ರಯೋಗಸಿದ್ಧವಾದುದು, ಉತ್ತರವಾಕ್ಯವು ಅದರಿಂದ ಹೊರಡುವುದಿಲ್ಲ. ಪೇಲಿಯು ಮಾಡಿದ ತಪ್ಪನ್ನೇ ಇವರು ತಿರುಗುಮುರುಗಾಗಿ ಮಾಡುತ್ತಾರೆ.

ಈ ತಪ್ಪನ್ನು ಗುರುತಿಸುವುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಉಡುಪಿಯ ಸಮೀಪದ ಪಾಜಕದಲ್ಲಿ ಜನಿಸಿದ ಶ್ರೀಮಧ್ವಾಚಾರ್ಯರು ಹದಿಮೂರನೆಯ ಶತಮಾನದಲ್ಲಿಯೇ ಈಶ್ವರನು ಆಗಮದಿಂದ ಮಾತ್ರ ತಿಳಿಯತಕ್ಕವನೆಂದೂ, ಪ್ರತ್ಯಕ್ಷಾಗಮಗಳ ಆಸರೆಯಿಲ್ಲದ ಅನುಮಾನವು ಅವನನ್ನು ಸಾಧಿಸಲಾರದೆಂದೂ ಪ್ರತಿಪಾದಿಸಿದರು. ಅವರ ಆಗಮವನ್ನು ಕ್ರೈಸ್ತನು ಒಪ್ಪುವುದಿಲ್ಲ, ನಿರೀಶ್ವರವಾದಿಯು ಯಾವ ಆಗಮವನ್ನೂ ಒಪ್ಪುವುದಿಲ್ಲ. ಆದರೆ ಯಾವ ಪ್ರಮಾಣವು ಯಾವ ಪ್ರಮೇಯವನ್ನು ಮುಟ್ಟಬಲ್ಲುದೆಂಬ ಅವರ ಮೂಲಪ್ರಶ್ನೆಯು ಇಬ್ಬರಿಗೂ ಸಮಾನವಾಗಿ ಅನ್ವಯಿಸುತ್ತದೆ. ಇತ್ತ ಕಾರ್ಕಳದ ಬಂಡೆಯ ಮೇಲೆ 1432ರಿಂದ ನಿಂತಿರುವ ಗೊಮ್ಮಟನು ಜಗತ್ಕರ್ತನನ್ನೇ ಒಪ್ಪದ ಧರ್ಮವೊಂದರ ಪೂಜ್ಯಮೂರ್ತಿ. ಕರ್ತೃವನ್ನು ನಿರಾಕರಿಸಿಯೂ ತಪಸ್ಸು, ಅಹಿಂಸೆ, ಮೋಕ್ಷಗಳನ್ನು ಉಳಿಸಿಕೊಂಡ ಜೈನ ದರ್ಶನದ ಎದುರಿನಲ್ಲಿ, ಕ್ರೈಸ್ತ ಶ್ರದ್ಧೆ ಅಥವಾ ನಾಸ್ತಿಕ್ಯ ಎಂಬ ಎರಡೇ ಬಾಗಿಲುಗಳ ಮನೆಯು ಇಕ್ಕಟ್ಟೆನಿಸುತ್ತದೆ.

ಹಾಗೆಂದ ಮಾತ್ರಕ್ಕೆ ವಿಜ್ಞಾನವು ಎಲ್ಲ ಶ್ರದ್ಧೆಗಳ ವಿಷಯದಲ್ಲಿಯೂ ಮೌನದಿಂದಿರಬೇಕೆಂದು ಅರ್ಥವಲ್ಲ. 1901ರಲ್ಲಿ ಕಾಪುವಿನ ಕಡಲತಡಿಯ ಬಂಡೆಯ ಮೇಲೆ ಕಟ್ಟಿದ ದೀಪಸ್ತಂಭವು ಹಡಗು ಯಾವ ಬಂದರಿಗೆ ಹೋಗಬೇಕೆಂದು ವಿಧಿಸುವುದಿಲ್ಲ. ಆದರೆ ಬಂಡೆಯಿರುವ ಕಡೆಗೆ ಹೊರಟ ಹಡಗಿನ ಮನಸ್ಸು ನೋಯಬಾರದೆಂದು ಬೆಳಕನ್ನು ಅಡಗಿಸುವುದೂ ಇಲ್ಲ. ಶ್ರದ್ಧೆಯು ಲೋಕದ ಒಂದು ಘಟನೆಯನ್ನು ಕುರಿತು ಮಾತನಾಡಿದೊಡನೆ ಅದು ಪರೀಕ್ಷೆಯ ವ್ಯಾಪ್ತಿಗೆ ಬಂದಂತೆಯೇ. ಭೂಮಿಯ ವಯಸ್ಸು ಕೆಲವೇ ಸಾವಿರ ವರ್ಷವೆನ್ನುವವನಿಗೂ ಸುಮಾರು 450 ಕೋಟಿ ವರ್ಷವೆನ್ನುವವನಿಗೂ ನಡುವೆ ವಿಜ್ಞಾನವು ತಟಸ್ಥವಾಗಿರಲಾರದು.

ಫ್ರಾನ್ಸಿನ ಲೂರ್ದ್ ಕ್ಷೇತ್ರದಲ್ಲಿ ಕಥೋಲಿಕ ಸಭೆಯೇ ಈ ವಿವೇಕವನ್ನು ಒಂದು ವ್ಯವಸ್ಥೆಯನ್ನಾಗಿ ಮಾಡಿಕೊಂಡಿದೆ: ಅಲ್ಲಿ ವೈದ್ಯರು ಹೇಳುವುದು ಈ ಗುಣಕ್ಕೆ ಸದ್ಯದ ವೈದ್ಯಜ್ಞಾನದಲ್ಲಿ ವಿವರಣೆಯಿಲ್ಲವೆಂದಷ್ಟೆ, ಪವಾಡವೆಂದು ಘೋಷಿಸುವ ಅಧಿಕಾರವು ಬಿಷಪರದು. ಕಾರ್ಕಳದ ಅತ್ತೂರಿನಲ್ಲಿ ಜನವರಿಯ ಸಾಂತ್‌ಮಾರಿ ಜಾತ್ರೆಗೆ ಸಂತ ಲಾರೆನ್ಸರ ಸನ್ನಿಧಿಗೆ ಮೇಣದ ಬತ್ತಿ ಹಿಡಿದು ಬರುವ ಕ್ರೈಸ್ತರೂ ಹಿಂದೂಗಳೂ ತಂತಮ್ಮ ಬದುಕಿನಲ್ಲಿ ಈ ವಿಭಾಗವನ್ನು ಆಚರಿಸುತ್ತಲೇ ಇದ್ದಾರೆ. ಹರಕೆ ಹೊತ್ತವನು ಮಣಿಪಾಲದ ಔಷಧವನ್ನು ಬಿಡುವುದಿಲ್ಲ. ಜ್ವರ ಇಳಿದ ಬಗೆಯನ್ನು ವೈದ್ಯನು ವಿವರಿಸಬಲ್ಲನು. ಇಳಿದುದಕ್ಕೆ ಆ ಮನುಷ್ಯನು ಯಾರಿಗೆ ಕೃತಜ್ಞನಾಗಿರಬೇಕೆಂಬುದು ವೈದ್ಯಕೀಯ ಪ್ರಶ್ನೆಯಲ್ಲ.

ಆದುದರಿಂದ ತಾಟಸ್ಥ್ಯವೆಂಬುದು ವಿಜ್ಞಾನದ ಫಲಿತಾಂಶಗಳಲ್ಲಿ ತಾನಾಗಿಯೇ ಇರುವ ಗುಣವೆಂಬುದಕ್ಕಿಂತ, ವಿಜ್ಞಾನಿಯು ತನಗೆ ತಾನೇ ವಿಧಿಸಿಕೊಳ್ಳತಕ್ಕ ಸಂಯಮವೆಂದು ತಿಳಿಯುವುದು ಯುಕ್ತ. ಇಡಿಯ ವಿಜ್ಞಾನ ಪ್ರಪಂಚವನ್ನು ಕನ್ನಡದಲ್ಲಿ ಒಬ್ಬಂಟಿಗರಾಗಿ ಬರೆದಿಟ್ಟ ಕೋಟದ ಶಿವರಾಮ ಕಾರಂತರು, ದೇವರ ವಿಷಯದಲ್ಲಿ ತಮಗೆ ತಿಳಿಯದುದನ್ನು ತಿಳಿಯದೆಂದೇ ಹೇಳಿದ ರೀತಿಯಲ್ಲಿ ಈ ಸಂಯಮವನ್ನು ಕಾಣಬಹುದು. ಮಿಷನ್ ಪರಂಪರೆಯಲ್ಲಿ ಉಳಿಯತಕ್ಕುದು ಅದರ ಆಸ್ಪತ್ರೆ, ಅದರ ಈಶ್ವರಸಾಧಕ ತರ್ಕವಲ್ಲ. ವಿಚಾರವಾದಿ ಪರಂಪರೆಯಲ್ಲಿ ಉಳಿಯತಕ್ಕುದು ಅದರ ಪರೀಕ್ಷೆ, ಅದರ ನಿರಾಕರಣವಲ್ಲ. ಎರಡು ಪಕ್ಷಗಳೂ ತಮ್ಮ ಅಂತಿಮ ಸಿದ್ಧಾಂತದ ಹೊಣೆಯನ್ನು ವಿಜ್ಞಾನದ ಹೆಗಲಿಗೆ ಹೊರಿಸದೆ ತಾವೇ ಹೊರಲು ಸಿದ್ಧವಾದರೆ, ವಾದವು ಮುಗಿಯದಿದ್ದರೂ ಪ್ರಾಮಾಣಿಕವಾಗುತ್ತದೆ.